ಒಂದೋ ಎರಡೋ, ಸರಿಯಾಗಿ ಹೇಳಿ

ಆಟಿ ತಿಂಗಳ ಮಳೆಗೆ ಕಾಸರಗೋಡಿನಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಎ.ಸಿ. ಓಡುತ್ತಿದ್ದರೂ ಸಿಲಿಕಾನ್ ಬಿಲ್ಲೆಗಳಿಗೆ ನೀರಿನ ಪಸೆ ಹಿಡಿದೇ ಇರುತ್ತದೆ. ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಹರಳಿನಿಂದ ತೀರಾ ತೆಳ್ಳಗಿನ ಚೂರುಗಳನ್ನು ಸುಲಿದು ನಾವು ಇಡುವುದು ಈ ಬಿಲ್ಲೆಗಳ ಮೇಲೆ. ಸಂಶೋಧನೆಗೆ ಹೊಸದಾಗಿ ಸೇರಿದವರು ಇಂಥ ದಿನವೇ ನಗುತ್ತ ಬಂದು, "ಸಾರ್, ಚೂರು ಸಿಕ್ಕಿತು. ಒಂದೋ ಎರಡೋ ಪದರ ಇರಬೇಕು" ಅನ್ನುತ್ತಾರೆ. ನನಗೆ ತಲೆಬಿಸಿ ಆಗುವುದು ಆ "ಒಂದೋ ಎರಡೋ" ಕೇಳಿದಾಗ.

ತಪ್ಪು ಅವರದ್ದು ಮಾತ್ರ ಅಂತ ಹೇಳಲಾರೆ. ಶಾಲೆಗಳಲ್ಲಿ ಮಾತಾಡಲು ಕರೆದಾಗ ನೀರ್‌ದೋಸೆಯ ಹೋಲಿಕೆ ಕೊಡುತ್ತಿದ್ದವನು ನಾನೇ. ಈಗ ಬಿಟ್ಟಿದ್ದೇನೆ. ನೀರ್‌ದೋಸೆ ಎಷ್ಟು ತೆಳ್ಳಗಾದರೂ ರುಚಿ ಅದೇ. ಮಾಲಿಬ್ಡಿನಮ್ ಡೈಸಲ್ಫೈಡ್ ಹಾಗಲ್ಲ.

ಗ್ಯಾರೇಜಿನಲ್ಲಿ ಮೆತ್ತುವ ಕೆಲವು ಕಪ್ಪು ಗ್ರೀಸುಗಳಲ್ಲಿ ಇರುವುದು ಇದೇ ವಸ್ತು. ಪದರಗಳು ಒಂದರ ಮೇಲೊಂದು ಜಾರುತ್ತವೆ, ಅದಕ್ಕೇ ಗ್ರೀಸಿಗೆ ಬಂತು. ಅದಕ್ಕೇ ಟೇಪು ಅಂಟಿಸಿ ಎಳೆದರೆ ಸುಲಿದೂ ಬರುತ್ತದೆ. ಗೈಮ್ ಮತ್ತು ನೊವೊಸೆಲೊವ್ 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಟೇಪಿನಿಂದ ಗ್ರಾಫೀನ್, ಅಂದರೆ ಇಂಗಾಲದ ಒಂದೇ ಪದರದ ಹಾಳೆ, ಸುಲಿದ ಕತೆ, 2010ರ ನೊಬೆಲ್, ಎಲ್ಲ ನೀವು ಓದಿರುತ್ತೀರಿ.

ಈ ಕಪ್ಪು ಹರಳಿಗೆ ಹಸಿರು ಲೇಸರ್ ಬಿಟ್ಟರೆ ತಿರುಗಿ ಬರುವ ಹೊಳಪು ಇಲ್ಲವೆನ್ನುವಷ್ಟು ಕಡಿಮೆ. ಎರಡು ಪದರಕ್ಕೆ ಇಳಿದರೆ ಮಿಣುಕು. ಒಂದಕ್ಕೆ ಇಳಿದಿರೋ, ಕೆಂಪು ಬೆಳಕು ಎದ್ದುಬರುತ್ತದೆ. ಲೇಸರಿನ ಹೊಡೆತಕ್ಕೆ ಮೇಲೇರಿದ ಎಲೆಕ್ಟ್ರಾನ್ ಕೆಳಗಿನ ಖಾಲಿ ಜಾಗಕ್ಕೆ ಇಳಿಯುವಾಗ ಬೆಳಕು ಬಿಡಬೇಕು. ದಪ್ಪ ಹರಳಿನಲ್ಲಿ ಎಲೆಕ್ಟ್ರಾನಿನ ಸಂವೇಗ ಒಂದು, ಖಾಲಿ ಜಾಗದ್ದು ಇನ್ನೊಂದು. ಆ ವ್ಯತ್ಯಾಸವನ್ನು ಹೊರಲು ಬೆಳಕಿನ ಕಣಕ್ಕೆ ತಾಕತ್ತಿಲ್ಲ, ಹರಳಿನ ಕಂಪನವೂ ಕೂಡಿಕೊಳ್ಳಬೇಕು. ಅಷ್ಟರಲ್ಲಿ ಹೆಚ್ಚಿನ ಶಕ್ತಿ ಬಿಸಿಯಾಗಿ ಸೋರಿಹೋಗಿರುತ್ತದೆ. ಒಂದೇ ಪದರದಲ್ಲಿ ಎರಡರ ಸಂವೇಗವೂ ಹೊಂದಿಕೊಂಡಿರುತ್ತದೆ, ಎಲೆಕ್ಟ್ರಾನ್ ನೇರ ಇಳಿಯುತ್ತದೆ. ಮೇಲೊಂದು ಪದರ ಬಂದು ಕೂತಿತೋ, ಎಲೆಕ್ಟ್ರಾನುಗಳಿಗೆ ಆಚೀಚೆ ಓಡಾಟ ಶುರುವಾಗಿ ಶಕ್ತಿಮಟ್ಟಗಳೇ ಜರುಗುತ್ತವೆ. ದಯವಿಟ್ಟು ಈ ಭಾಗವನ್ನು ಎರಡು ಸಲ ಓದಿ: ಎರಡು ಪದರದ್ದು ಬೇರೆಯೇ ವಸ್ತು. ಗ್ರಾಫೀನನ್ನೇ ತೆಗೆದುಕೊಳ್ಳಿ. ಎರಡು ಹಾಳೆಗಳನ್ನು ಸುಮಾರು 1.1 ಡಿಗ್ರಿ ತಿರುಚಿಟ್ಟು 1.7 ಕೆಲ್ವಿನ್‌ವರೆಗೆ ತಣ್ಣಗಾಗಿಸಿ ಎಲೆಕ್ಟ್ರಾನುಗಳ ಸಂಖ್ಯೆಯನ್ನೂ ಹೊಂದಿಸಿದರೆ ವಿದ್ಯುತ್ತಿಗೆ ತಡೆಯೇ ಇರುವುದಿಲ್ಲ ಎಂದು 2018ರಲ್ಲಿ ಕಂಡಿತು. ಒಂಟಿ ಹಾಳೆಯಲ್ಲಿ ತಿರುಚುವುದೇನನ್ನು?

ಒಮ್ಮೆ ಪೆರ್ಲ ಕಡೆಯ ವಿದ್ಯಾರ್ಥಿನಿಯೊಬ್ಬಳ ಅಪ್ಪ ಪ್ರಯೋಗಾಲಯ ನೋಡಲು ಬಂದಿದ್ದರು. ಅಡಿಕೆ ಕೃಷಿಕರು. ನಾನು ಮಗಳಿಗೆ ಇದನ್ನೇ ಗದರಿಸುತ್ತಿದ್ದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡವರು, "ಮಾಷ್ಟ್ರು ಹೇಳುವುದು ಸರಿ ಮಗಾ. ಸಿಂಗಲ್ ಚೋಲೋ ಡಬಲ್ ಚೋಲೋ ಗೊತ್ತಿಲ್ಲ ಅಂದ್ರೆ ಅಂಗಡಿಯಲ್ಲಿ ರೇಟು ಹೇಳ್ತಾರಾ?" ಅಂದರು. ಚೋಲ್ ಅಂದರೆ ನಮ್ಮ ಕಡೆ ಹಳೆಯ ಅಡಿಕೆಯ ದರ್ಜೆ. ನನ್ನ ಅರ್ಧ ಗಂಟೆಯ ಪಾಠ ಅಲ್ಲಿಗೆ ಮುಗಿಯಿತು.

ಚೂರಿನ ಎತ್ತರ ಅಳೆದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಒಂದು ಪದರದ ದಪ್ಪ ಸುಮಾರು 0.65 ನ್ಯಾನೊಮೀಟರ್. ಆದರೆ ಮಳೆಗಾಲದಲ್ಲಿ ಚೂರಿನ ಅಡಿಯಲ್ಲಿ ನೀರು ಸಿಕ್ಕಿಕೊಂಡಿರುತ್ತದೆ, ಉಪಕರಣ 1.3 ತೋರಿಸಿದರೂ ಅದು ಒಂದೇ ಪದರವಾಗಿರಬಹುದು. ರಾಮನ್ ವರ್ಣಪಟಲ ತೆಗೆಯಿರಿ, ಅಂದರೆ ಲೇಸರ್ ಬೆಳಕು ಚೂರಿನಿಂದ ಚದುರಿ ಬರುವಾಗ ಅದರ ಬಣ್ಣ ಎಷ್ಟು ಜರುಗಿತೆಂದು ನೋಡಿ. ಎರಡು ಮುಖ್ಯ ಶಿಖರಗಳ ಅಂತರ ಸೆಂಟಿಮೀಟರಿಗೆ ಸುಮಾರು 19 ಅಲೆ ಇದ್ದರೆ ಒಂದು ಪದರ, 21-22 ಆದರೆ ಎರಡು. ಉಪಕರಣದಿಂದ ಉಪಕರಣಕ್ಕೆ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಹಾಗಾಗಿ ಕೆಂಪು ಬೆಳಕನ್ನೂ ನೋಡಿ. ಎರಡೂ ತಾಳೆಯಾಗದಿದ್ದರೆ ಆ ಚೂರನ್ನು ಬಿಟ್ಟುಬಿಡಿ, ಟೇಪಿಗೆ ಬರ ಇಲ್ಲ.

ಇಷ್ಟು ಹೇಳುವ ನಾನೇ ಸಂಶೋಧನೆಯ ಎರಡನೇ ವರ್ಷ ಬರೀ ಬಣ್ಣ ನೋಡಿ ಒಂದು ಪದರವೆಂದು ನಂಬಿ ಎರಡು ತಿಂಗಳು ಅಳೆದಿದ್ದೆ. ಬೆಳಕು ಸಾಲದೆಂದು ಲೇಸರಿಗೂ ಬೈದೆ, ಟೇಪಿಗೂ ಬೈದೆ. ಅದು ಎರಡು ಪದರದ್ದು.

ಈಗ ಡಬ್ಬಿಯ ಮೇಲೆ ಪದರದ ಲೆಕ್ಕ, ರಾಮನ್ ತೆಗೆದ ತಾರೀಕು ಬರೆದಿಲ್ಲವಾದರೆ ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವುದಿಲ್ಲ. ಹುಡುಗರು ಬೆನ್ನ ಹಿಂದೆ "ಸಿಂಗಲ್ ಚೋಲ್ ಮಾಷ್ಟ್ರು" ಅನ್ನುತ್ತಾರಂತೆ.