ಟ್ರೆಡ್‌ವೇರ್: ಸ್ಪೋರ್ಟ್ಸ್ ಕಾರಿನ ಟೈರಿನ ಮೇಲಿರುವ 200, 300ರ ಅರ್ಥ

ಅಳತೆ ಒಂದೇ ಆದರೂ ಒಂದು ಟೈರಿನ ಪಕ್ಕೆಯ ಮೇಲೆ ‘ಟ್ರೆಡ್‌ವೇರ್ 200’ ಎಂದಿರುತ್ತದೆ, ಇನ್ನೊಂದರ ಮೇಲೆ 300, ಮತ್ತೊಂದರ ಮೇಲೆ 540. ಇದು ಟೈರು ಎಷ್ಟು ನಿಧಾನವಾಗಿ ಸವೆಯುತ್ತದೆ ಎಂಬುದರ ದರ್ಜೆ. ಅಮೆರಿಕದಲ್ಲಿ ಮಾರುವ ಕಾರಿನ ಟೈರುಗಳಿಗೆ ಇದು ಕಡ್ಡಾಯ. ಚಳಿಗಾಲದ ಟೈರುಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ.

ಪರೀಕ್ಷೆ ನಡೆಯುವುದು ಟೆಕ್ಸಾಸ್‌ನ ಸ್ಯಾನ್ ಆ್ಯಂಜೆಲೊ ಸುತ್ತಲಿನ ಸಾರ್ವಜನಿಕ ರಸ್ತೆಗಳಲ್ಲಿ. 400 ಮೈಲಿಯ ಒಂದು ಸುತ್ತು, ಒಟ್ಟು 7,200 ಮೈಲಿ. ಹೊಸ ಟೈರಿನ ಜೊತೆಗೇ ಹೋಲಿಕೆಗೆಂದು ನಿಗದಿಪಡಿಸಿದ ಒಂದು ಮಾದರಿ ಟೈರನ್ನೂ ಓಡಿಸಿ ಎರಡರ ಸವೆತವನ್ನು ಹೋಲಿಸುತ್ತಾರೆ. 100ಕ್ಕಿಂತ 200 ಅಲ್ಲಿ ಎರಡರಷ್ಟು ಬಾಳುತ್ತದೆ ಎಂದು ಲೆಕ್ಕ. ಇದರಿಂದ ನಿಮ್ಮ ಕಾರಿನಲ್ಲಿ ಎಷ್ಟು ಕಿಲೋಮೀಟರ್ ಬರುತ್ತದೆ ಎಂದು ಹೇಳಲಾಗದು. ಜೊತೆಗೆ, ದರ್ಜೆ ಕೊಡುವುದು ಟೈರು ತಯಾರಿಸಿದ ಕಂಪನಿಯೇ. ಹಾಗಾಗಿ ಬೇರೆ ಬೇರೆ ಕಂಪನಿಗಳ 200 ಮತ್ತು 240ನ್ನು ಅಕ್ಕಪಕ್ಕ ಇಟ್ಟು ಲೆಕ್ಕ ಹಾಕುವುದು ವ್ಯರ್ಥ. ಹಿಡಿತವನ್ನಂತೂ ಈ ಸಂಖ್ಯೆ ಅಳೆಯುವುದೇ ಇಲ್ಲ.

ಹಾಗಿದ್ದರೂ ಟೈರು ಯಾವ ಜಾತಿಯದು ಎಂಬುದು ಇದರಿಂದ ಚೆನ್ನಾಗಿ ಗೊತ್ತಾಗುತ್ತದೆ. ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್, ಯೋಕೊಹಾಮಾ ಎ052 ಎರಡೂ 200. ಆಟೋಕ್ರಾಸ್ ಎಂದರೆ ಕೋನ್‌ಗಳ ನಡುವೆ ಗಡಿಯಾರದ ವಿರುದ್ಧ ಕಾರು ಓಡಿಸುವ ಸ್ಪರ್ಧೆ. ಅಮೆರಿಕದಲ್ಲಿ ಅದರ ಹಲವು ವಿಭಾಗಗಳಲ್ಲಿ 200ಕ್ಕಿಂತ ಕಡಿಮೆ ದರ್ಜೆಯ ಟೈರಿಗೆ ಪ್ರವೇಶವಿಲ್ಲ. ಆ ಗಡಿಗೆ ಸರಿಯಾಗಿ ಕೂರುವಂತೆಯೇ ಇಂಥವು ತಯಾರಾಗುತ್ತವೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ 300: ರಸ್ತೆಗೆಂದೇ ಮಾಡಿದ ಬೇಸಿಗೆ ಟೈರು. ಅದೇ ಕಂಪನಿಯ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4ರದು 540.

ಮಜ್ದಾ ಎಂಎಕ್ಸ್-5 ಎಂಬ ಹಗುರ ಸ್ಪೋರ್ಟ್ಸ್ ಕಾರಿನ ಉದಾಹರಣೆ ತೆಗೆದುಕೊಳ್ಳಿ. 17 ಇಂಚಿನ ಚಕ್ರವಿರುವ ಮಾದರಿಗಳ ಮೂಲ ಅಳತೆ 205/45 ಆರ್17, 84ಡಬ್ಲ್ಯೂ (84 ಭಾರದ ಸೂಚ್ಯಂಕ, ಡಬ್ಲ್ಯೂ ವೇಗದ ದರ್ಜೆ). ದಿನಾ ಓಡಿಸುವ ಕಾರಾದರೆ ನಮ್ಮ ಆಯ್ಕೆ 300ರ ಆಸುಪಾಸಿನದು. 200ರ ರಬ್ಬರು ಬಿಸಿಯಾದ ಮೇಲೆಯೇ ಪೂರ್ತಿ ಹಿಡಿತ ಕೊಡುವುದು. ಇಷ್ಟು ಹಗುರ ಕಾರು ಊರೊಳಗಿನ ಓಡಾಟದಲ್ಲಿ ಅದನ್ನು ಅಷ್ಟು ಬಿಸಿ ಮಾಡುವುದಿಲ್ಲ. ಅವುಗಳ ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ಮೈಯ, ಕಾಲುವೆಗಳೂ ಸಾಮಾನ್ಯವಾಗಿ ಕಡಿಮೆ ಆಳದವು, ಅರ್ಧ ಸವೆದ ಮೇಲೆ ನಿಂತ ನೀರಿನಲ್ಲಿ ಟೈರು ತೇಲುತ್ತದೆ. ಟ್ರ್ಯಾಕ್ ದಿನಗಳಿಗೆ, ಅಂದರೆ ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸಲು, ಪದೇ ಪದೇ ಹೋಗುವವರಿಗೆ 200 ಸರಿ, ಅದಕ್ಕೆಂದೇ ಇನ್ನೊಂದು ಸೆಟ್ ಚಕ್ರ ಇದ್ದರೆ ಇನ್ನೂ ಒಳ್ಳೆಯದು. ಬೆಳಗಿನ ಚಳಿ 7 ಡಿಗ್ರಿಗಿಂತ ಕೆಳಗಿಳಿಯುವ ಊರಿನಲ್ಲಿ ಬೇಸಿಗೆ ಟೈರು ಗಡುಸಾಗುತ್ತದೆ, ಅಲ್ಲಿ ಆಲ್ ಸೀಸನ್ ಬೇಕು. ಬೆಂಗಳೂರಿನಂಥ ಕಡೆ ಆ ಚಿಂತೆ ಇಲ್ಲ. ಯಾವುದೇ ಆಯ್ಕೆ ಮಾಡಿದರೂ 84ಕ್ಕಿಂತ, ಅಂದರೆ ಟೈರಿಗೆ 500 ಕಿಲೋಗಿಂತ, ಕಡಿಮೆ ಭಾರ ಹೊರುವುದನ್ನು ಹಾಕಿಸಬೇಡಿ.

ಟೈರು ಬೇಗ ಹಾಳಾದಾಗ ಜನ ರಬ್ಬರನ್ನು ದೂರುತ್ತಾರೆ, ಕಾರಣ ಎಷ್ಟೋ ಸಲ ಅಲೈನ್‌ಮೆಂಟ್. ಟೋ ಎಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಅದು ತಪ್ಪಿದ್ದರೆ ಟೈರು ಉರುಳುವುದರ ಜೊತೆಗೆ ಅಡ್ಡಕ್ಕೂ ಉಜ್ಜಿಕೊಂಡು ಸಾಗುತ್ತದೆ. ಹಳೆಯ ಟೈರು ಬಿಚ್ಚುವ ಮುನ್ನ ಟ್ರೆಡ್ಡಿನ ಮೇಲೆ ಅಂಗೈಯನ್ನು ಅಡ್ಡಕ್ಕೆ ಎರಡೂ ದಿಕ್ಕಿನಲ್ಲಿ ಸವರಿ ನೋಡಿ. ಒಂದು ಕಡೆಗೆ ನುಣುಪಾಗಿದ್ದು ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಗುಲಿದರೆ ಅದು ಟೋ ದೋಷ. ಅದನ್ನು ಸರಿಪಡಿಸದೆ ಹಾಕಿಸಿದ ಹೊಸ ಟೈರಿನ ಒಂದು ಅಂಚು ಬೇಗನೆ ಬೋಳಾಗುತ್ತದೆ, ದರ್ಜೆ 200 ಇರಲಿ, 540 ಇರಲಿ.

ದುಡ್ಡು ಕೊಡುವ ಮೊದಲು ಟೈರಿನ ಪಕ್ಕೆಯ ಮೇಲೆ DOT ಎಂದು ಶುರುವಾಗುವ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ: 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಟೈರುಗಳ ಮೇಲೆ ನೋಡಿ. ಕೆಲವೊಮ್ಮೆ ಇದು ಒಳಪಕ್ಕೆಯ ಮೇಲಷ್ಟೇ ಇರುತ್ತದೆ, ಚಕ್ರ ಕೂರಿಸಿದ ಮೇಲೆ ಕಾಣುವುದಿಲ್ಲ.