ಆಕಾರ ಬಂತು, ಇನ್ನು ನೀರಿನ ಸರದಿ

ಟಿಯರ್‌ಡ್ರಾಪ್ ಕ್ಯಾಂಪರ್ ಅಂದರೆ ಕಾರಿನ ಹಿಂದೆ ಎಳೆದೊಯ್ಯುವ, ಒಳಗೆ ಮಲಗಲು ಜಾಗ, ಹಿಂದೆ ಅಡುಗೆಮನೆ ಇರುವ ಪುಟ್ಟ ಗಾಡಿ. ಗೋಡೆ, ಚಾವಣಿ ನಿಂತು ಅದಕ್ಕೆ ಹನಿಯ ಆಕಾರ ಬಂದ ದಿನ ಮುಕ್ಕಾಲು ಕೆಲಸ ಮುಗಿಯಿತು ಅನಿಸುತ್ತದೆ. ಅಸಲಿಗೆ ಆಗಿರುವುದು ಅರ್ಧ. ಉಳಿದದ್ದರಲ್ಲಿ ಹೆಚ್ಚಿನದು ನೀರನ್ನು ಹೊರಗಿಡುವ ಕೆಲಸ, ಅದಕ್ಕೆ ಆತುರ ಆಗಿಬರುವುದಿಲ್ಲ.

ಪ್ಲೈವುಡ್ ನೀರು ಕುಡಿಯುವುದು ಮುಖ್ಯವಾಗಿ ಅಂಚಿನಿಂದ. ಬಾಗಿಲು, ಕಿಟಕಿ, ಚಾವಣಿ ವೆಂಟ್‌ಗೆ ಕೊರೆದ ಪ್ರತಿ ಅಂಚಿಗೂ ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಬಳಿಯಿರಿ. ಮೊದಲ ಕೋಟ್ ಹೀರಿಹೋಗಿ ಕಾಣದಂತಾಗುತ್ತದೆ. ಮೇಲೆ ಹೊಳಪು ನಿಲ್ಲುವವರೆಗೆ, ಅಂದರೆ ಸಾಮಾನ್ಯವಾಗಿ 3 ಕೋಟ್ ಬೇಕು.

ಹೊರಗಿನ 1 ಮಿ.ಮೀ. ಅಲ್ಯೂಮಿನಿಯಂ ಹಾಳೆಯನ್ನು ಪೂರ್ತಿ ಗೋಂದು ಬಳಿದು ಅಂಟಿಸುವ ಆಸೆ ಬಿಡಿ. 3 ಮೀಟರ್ ಹಾಳೆ 30 ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿ.ಮೀ. ಹಿಗ್ಗುತ್ತದೆ, ಮರ ಅಷ್ಟು ಹಿಗ್ಗುವುದಿಲ್ಲ. ಬಿಸಿಲಿಗೆ ನಿಲ್ಲಿಸಿದಾಗ ಉಬ್ಬು ಏಳುವುದು ಇದೇ ಕಾರಣಕ್ಕೆ. 4 ಮಿ.ಮೀ. ಸ್ಕ್ರೂಗೆ ಹಾಳೆಯಲ್ಲಿ 5.5 ಮಿ.ಮೀ. ತೂತು ಮಾಡಿ, ಹಾಳೆ ಸರಿಯಲು ಜಾಗ ಸಿಗುತ್ತದೆ; ಹಾಳೆಯ ಅಂಚಿನ ಮೇಲೆ ಕೂರಿಸುವ ಅಂಚುಪಟ್ಟಿ ಅದನ್ನು ಮುಚ್ಚಿಕೊಳ್ಳುತ್ತದೆ.

ಅಂಚುಪಟ್ಟಿಯ ಕೆಳಗೆ ಬ್ಯೂಟೈಲ್ ಟೇಪ್ (ಮೆತ್ತಗೇ ಉಳಿಯುವ ಅಂಟುಪಟ್ಟಿ) ಇರಲಿ, ಸಿಲಿಕೋನ್ ಬೇಡ. ಸಿಲಿಕೋನ್ ಮೇಲೆ ಬಣ್ಣ ಕೂರದು. ಸೋರಿದಾಗ ಹಳೆಯದರ ಮೇಲೆ ಹೊಸದೂ ಸರಿಯಾಗಿ ಹಿಡಿಯದು. ಸ್ಕ್ರೂಗಳನ್ನು ನಡುವಿನಿಂದ ತುದಿಯ ಕಡೆಗೆ ಕೈಯಿಂದಲೇ ಬಿಗಿಯುತ್ತ ಹೋಗಿ. ಮರುದಿನ ಟೇಪ್ ಇಳಿದಿರುತ್ತದೆ, ಕಾಲು ಸುತ್ತು ಮತ್ತೆ ತಿರುಗಿಸಿ. ಹೊರಗೆ ಉಕ್ಕಿದ್ದನ್ನು ಪ್ಲಾಸ್ಟಿಕ್ ಚೂರಿಯಿಂದ ಕೊಯ್ಯಿರಿ. ಎಲ್ಲಾದರೂ ಉಕ್ಕದೆ ಉಳಿದ ಜಾಗ ಕಂಡರೆ, ಸೋರುವ ಜಾಗ ಅದೇ.

ಹೆಚ್ಚು ಕಾಡುವುದು ಹಿಂದಿನ ಅಡುಗೆಮನೆಯ ಹ್ಯಾಚ್, ಅಂದರೆ ಮೇಲಕ್ಕೆ ತೆರೆಯುವ ಬಾಗಿದ ಮುಚ್ಚಳ. ಬಗ್ಗಿಸಿ ಅಂಟಿಸಿದ ಪ್ಲೈವುಡ್ ಕ್ಲ್ಯಾಂಪ್ ಬಿಚ್ಚಿದ ಕೂಡಲೇ ತುಸು ನೆಟ್ಟಗಾಗುತ್ತದೆ. ಕೆಳತುದಿ ಒಂದೆರಡು ಸೆಂ.ಮೀ. ಹೊರಕ್ಕೆ ನಿಲ್ಲುತ್ತದೆ. ಹಾಗಾಗಿ ಹ್ಯಾಚ್ ಅನ್ನು ಬೇರೆ ಮೇಜಿನ ಮೇಲೆ ಕಟ್ಟಬೇಡಿ. ಅದರ ಒಳಚೌಕಟ್ಟಿನ ಪಕ್ಕೆಗಳನ್ನು ಗಾಡಿಯ ಮೇಲೆಯೇ ಕೂರಿಸಿ, ಒಳ-ಹೊರ ಹೊದಿಕೆ ಎರಡೂ ಅಂಟಿ ಪೂರ್ತಿ ಗಟ್ಟಿಯಾಗುವವರೆಗೆ ಪಟ್ಟಿಯಿಂದ ಬಿಗಿದಿಡಿ.

ರಬ್ಬರ್ ಸೀಲ್ ಕೊಳ್ಳುವ ಮೊದಲು ಸಂದು ಅಳೆಯಿರಿ. ಮಕ್ಕಳಾಡುವ ಜೇಡಿಮಣ್ಣಿನ ಉಂಡೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಂಚಿನ ಎಂಟು ಕಡೆ ಇಟ್ಟು ಹ್ಯಾಚ್ ಮುಚ್ಚಿ, ತೆರೆದು, ಚಪ್ಪಟೆಯಾದ ದಪ್ಪ ನೋಡಿ. ಟೊಳ್ಳು ಸೀಲ್ ಸುಮಾರು ಅರ್ಧಕ್ಕೆ ಒತ್ತಿಕೊಳ್ಳಬೇಕು. ಒಂದೆಡೆ 6, ಇನ್ನೊಂದೆಡೆ 14 ಮಿ.ಮೀ. ಬಂದರೆ ಯಾವ ಸೀಲೂ ಉಳಿಸದು, ಮೊದಲು ಅಂಚನ್ನೇ ಸರಿಪಡಿಸಿ. ಸೀಲ್‌ನ ಒಳಬದಿಗೆ ಕೆಳಗೆ ತೆರೆದ ಒಂದು ಚರಂಡಿಪಟ್ಟಿಯೂ ಇರಲಿ. ದಾಟಿಬಂದ ನೀರು ಪಾತ್ರೆಗಳ ಮೇಲೆ ಬೀಳದು.

ಹ್ಯಾಚನ್ನು ಎತ್ತಿಹಿಡಿಯುವ ಗ್ಯಾಸ್ ತುಂಬಿದ ಕೋಲು, ಅಂದರೆ ಗ್ಯಾಸ್ ಸ್ಟ್ರಟ್, ಎಲ್ಲಕ್ಕಿಂತ ಕೊನೆಗೆ. ದೀಪ, ಬೀಗ, ಹೊದಿಕೆ ಸೇರಿಸಿ ಹ್ಯಾಚ್ ತೂಗಿದ ಮೇಲೆಯೇ ಅದರ ಬಲ ಆರಿಸಿ. ಮುಚ್ಚಿದಾಗ ಸ್ಟ್ರಟ್‌ನ ರೇಖೆ ಹಿಂಜ್‌ನ ಹತ್ತಿರದಲ್ಲೇ ಹಾದುಹೋಗುವಂತೆ ಕೂರಿಸಿ. ಇಲ್ಲವಾದರೆ ಅದು ಹಗಲೂ ರಾತ್ರಿ ಹ್ಯಾಚನ್ನು ಹೊರಕ್ಕೆ ತಳ್ಳುತ್ತ, ನೀವು ಕಷ್ಟಪಟ್ಟು ತಂದ ಬಾಗನ್ನು ಕೆಡಿಸುತ್ತದೆ. ಬೀಗ ನಡುವೆ ಒಂದು ಸಾಲದು, ಎರಡು ಪಕ್ಕಕ್ಕೂ ಒಂದೊಂದು ಬೇಕು.

ಪೈಪ್‌ನಿಂದ ನೀರು ಬಿಟ್ಟು ಸೋರಿಕೆ ನೋಡುವ ಪರೀಕ್ಷೆ ಕೆಳಗಿನಿಂದ ಶುರುವಾಗಲಿ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಪ್ರತಿ ಸಂದಿಗೆ ಐದೈದು ನಿಮಿಷ ನೀರು ಬಿಡುತ್ತ ಮೇಲೇರಬೇಕು. ಮೊದಲೇ ಚಾವಣಿಗೆ ಸುರಿದರೆ ಹನಿ ಎಲ್ಲಿಂದ ಬಂತೆಂದು ಪತ್ತೆಯಾಗದು.

ವಯರಿಂಗ್ ಬಗ್ಗೆ ಎರಡೇ ಮಾತು. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗಿರಲಿ. ಅರ್ಥ್‌ಗೆ ಪ್ರತ್ಯೇಕ ತಂತಿ ಎಳೆಯಿರಿ. ಹಿಚ್‌ನ (ಗಾಡಿಯನ್ನು ಕಾರಿಗೆ ಸಿಕ್ಕಿಸುವ ಕೊಂಡಿಯ) ಗುಂಡನ್ನೇ ನಂಬಿದರೆ ಹಿಂದೀಪ ಮಿಣುಕುತ್ತದೆ.

ಸಾಮಾನು ತುಂಬಿದ ಮೇಲೆ ಹಿಚ್ ಮೇಲಿನ ಭಾರ ತೂಗಿ: ಒಟ್ಟು ತೂಕದ 10ರಿಂದ 15 ಶೇಕಡಾ ಇರಬೇಕು. 600 ಕೆ.ಜಿ. ಗಾಡಿಗೆ 60ರಿಂದ 90 ಕೆ.ಜಿ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಹಿಂಬದಿ ಓಲಾಡುತ್ತದೆ. ಅಡುಗೆಮನೆ ಆಕ್ಸಲ್‌ನ ಹಿಂದಿರುವುದರಿಂದ ಅಲ್ಲಿಟ್ಟ 20 ಲೀಟರ್ ನೀರಿನ ಕ್ಯಾನ್ ಕೂಡ ಹಿಚ್ಚನ್ನು ಹಗುರಾಗಿಸುತ್ತದೆ. ಕ್ಯಾನ್ ಅನ್ನು ಮುಂದಕ್ಕೆ ತನ್ನಿ. ಮೊದಲ 80 ಕಿ.ಮೀ. ಓಡಿಸಿ ನಿಲ್ಲಿಸಿದಾಗ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಬಿಗಿಯಿರಿ.