ಗಾಡ್‌ಫ್ಲೆಶ್: ಡ್ರಮ್ಮರ್ ಇಲ್ಲದ ಬ್ಯಾಂಡಿನ ತೂಕ

ಮೆಟಲ್ ಹಾಡಿನ ಮೇಲೆ ಕಾರ್ಖಾನೆಯ ಸದ್ದು ಸುರಿದರೆ ಇಂಡಸ್ಟ್ರಿಯಲ್ ಮೆಟಲ್ ಆಗಿಬಿಡುತ್ತದೆ ಎಂದುಕೊಂಡವರು ಗಾಡ್‌ಫ್ಲೆಶ್‌ನ 'ಸ್ಟ್ರೀಟ್‌ಕ್ಲೀನರ್' (1989) ಆಲ್ಬಮ್ ಕೇಳಬೇಕು. ಬರ್ಮಿಂಗ್‌ಹ್ಯಾಮ್‌ನ ಈ ಬ್ಯಾಂಡ್ 1988ರಲ್ಲಿ ಶುರುವಾಯಿತು. ಗಿಟಾರ್ ಮತ್ತು ಗಾಯನಕ್ಕೆ ಜಸ್ಟಿನ್ ಬ್ರಾಡ್ರಿಕ್, ಬೇಸ್‌ಗೆ ಜಿ. ಸಿ. ಗ್ರೀನ್, ತಾಳಕ್ಕೆ ಡ್ರಮ್ ಮಷೀನ್, ಅಂದರೆ ಡ್ರಮ್ ಏಟುಗಳನ್ನು ಮೊದಲೇ ಜೋಡಿಸಿಟ್ಟು ನುಡಿಸುವ ಯಂತ್ರ. ನೇಪಾಮ್ ಡೆತ್ ಬ್ಯಾಂಡಿನ 'ಸ್ಕಮ್' ಆಲ್ಬಮ್ಮಿನ ಮೊದಲ ಬದಿಯಲ್ಲಿ ಮಿಂಚಿನ ವೇಗದ ಗಿಟಾರ್ ನುಡಿಸಿದ್ದ ಬ್ರಾಡ್ರಿಕ್ ಇಲ್ಲಿ ವಿಳಂಬ ಕಾಲಕ್ಕೆ ಇಳಿದರು. ಹೆಡ್ ಆಫ್ ಡೇವಿಡ್ ಬ್ಯಾಂಡಿನಲ್ಲಿ ಅವರೇ ಡ್ರಮ್ಮರ್ ಆಗಿದ್ದವರು. ಹಾಗಾಗಿ ಮಷೀನ್ ಇಟ್ಟುಕೊಂಡದ್ದು ಕೈಲಾಗದೆ ಅಲ್ಲ.

ಡ್ರಮ್ಮರ್ ಎಷ್ಟೇ ಪಳಗಿದ್ದರೂ ಪಲ್ಲವಿ ಬಂದಾಗ ಏಟು ಸ್ವಲ್ಪ ಬಿರುಸಾಗುತ್ತದೆ, ಕೇಳುವವರಿಗೂ ಒಂದು ಬಿಡುಗಡೆ ಸಿಗುತ್ತದೆ. ಮಷೀನ್ ಆ ಬಿಡುಗಡೆಯನ್ನು ಕೊಡುವುದೇ ಇಲ್ಲ. ಈ ಸಂಗೀತದ ತೂಕವೆಲ್ಲ ಇರುವುದು ಅಲ್ಲಿ.

ಮನೆಯಲ್ಲಿ ಮಾಡಿ ನೋಡುವವರು ಕಾಲಪ್ರಮಾಣವನ್ನು ನಿಮಿಷಕ್ಕೆ 70 ಬೀಟ್‌ಗೆ ಇಡಿ. ಒಂದು ಬೀಟ್ ಸುಮಾರು 857 ಮಿಲಿಸೆಕೆಂಡ್ ಆಗುತ್ತದೆ. ಕಿಕ್ (ಕಾಲಿನಿಂದ ನುಡಿಸುವ ದೊಡ್ಡ ಡ್ರಮ್), ಸ್ನೇರ್ (ಚಟೀರೆನ್ನುವ ಚಿಕ್ಕ ಡ್ರಮ್) ಎಲ್ಲದರ ವೆಲಾಸಿಟಿ, ಅಂದರೆ ಏಟಿನ ಬಲ, ಒಂದೇ ಇರಲಿ. ಏಟುಗಳನ್ನು ಮನುಷ್ಯ ನುಡಿಸಿದಂತೆ ಚೂರು ಏರುಪೇರು ಮಾಡುವ, ಸಾಫ್ಟ್‌ವೇರ್‌ನ 'ಹ್ಯೂಮನೈಸ್' ಗುಂಡಿಯ ತಂಟೆಗೆ ಹೋಗಬೇಡಿ, ಅದನ್ನು ಒತ್ತಿದರೆ ಮಾಡಿದ್ದೆಲ್ಲ ನೀರುಪಾಲು. ರಿಫ್ (ಮತ್ತೆ ಮತ್ತೆ ಬರುವ ಸ್ವರಗುಚ್ಛ) ಹೊರುವ ಕೆಲಸ ಬೇಸ್‌ನದು. ಗಿಟಾರ್ ಅದರ ಮೇಲೆ ಅಪಸ್ವರ, ಫೀಡ್‌ಬ್ಯಾಕ್ ಎಳೆದರೆ ಸಾಕು.

ಹೆಚ್ಚಿನವರು ಎಡವುವುದು ಬೇಸ್‌ನಲ್ಲೇ. ಇಡೀ ಬೇಸ್ ಅನ್ನು ದನಿ ಒಡೆದು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್‌ಗೆ ಕೊಟ್ಟರೆ ಕರಕರ ಉಳಿಯುತ್ತದೆ, ಬುಡ ಹೋಗುತ್ತದೆ. ಎಷ್ಟೋ ಪೆಡಲ್‌ಗಳು ಕೆಳದನಿಯನ್ನು ಕತ್ತರಿಸಿಯೇ ಹೊರಗೆ ಬಿಡುತ್ತವೆ. ಸಿಗ್ನಲ್ ಎರಡಾಗಿ ಸೀಳಿ: ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನದು ಶುದ್ಧವಾಗಿ ಒಂದು ಟ್ರ್ಯಾಕ್‌ನಲ್ಲಿ, ಮೇಲಿನದು ಡಿಸ್ಟಾರ್ಷನ್ ಸಮೇತ ಇನ್ನೊಂದರಲ್ಲಿ. ಎರಡನ್ನೂ ಕೂಡಿಸಿದಾಗ ಕೆಳದನಿ ಸೊರಗಿದರೆ ಒಂದರ ಫೇಸ್ (ಧ್ವನಿ ಅಲೆಯ ಏರಿಳಿತದ ದಿಕ್ಕು) ತಿರುಗಿಸಿ ನೋಡಿ. ಕಿಕ್‌ನ ಗುಮ್ಮು 60 ಹರ್ಟ್ಸ್ ಆಸುಪಾಸಿನಲ್ಲಿದ್ದರೆ ಬೇಸ್‌ನಲ್ಲಿ ಅಷ್ಟೇ ಜಾಗವನ್ನು ಎರಡು-ಮೂರು ಡೆಸಿಬೆಲ್ ತಗ್ಗಿಸಿ. ಇಲ್ಲವಾದರೆ ಎರಡೂ ಸೇರಿ ಕೆಸರು.

ವೇದಿಕೆಯ ಪಾಡೇ ಬೇರೆ. ಮಷೀನ್ ಯಾರಿಗೂ ಕಾಯುವುದಿಲ್ಲ. ಮಾನಿಟರ್‌ನಲ್ಲಿ (ವಾದಕರ ಕಡೆಗೆ ಇಟ್ಟ ಸ್ಪೀಕರ್) ಅದು ಕೇಳಿಸದಿದ್ದರೆ ಎರಡೇ ಆವರ್ತದಲ್ಲಿ ನೀವು ಹೊರಗೆ. ಮಷೀನ್ ಅನ್ನು ಡಿಐ ಬಾಕ್ಸ್ (ಸಿಗ್ನಲ್ ಅನ್ನು ಮಿಕ್ಸರ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಮೂಲಕ ಮಿಕ್ಸರ್‌ಗೆ ಕೊಟ್ಟು, ಮಾನಿಟರ್‌ಗೆ ಮೊದಲು ಅದನ್ನೇ ಕಳಿಸಿ.

ಗಾಡ್‌ಫ್ಲೆಶ್ ಕೂಡ ಮುಂದೆ ಡ್ರಮ್ಮರ್‌ನನ್ನು ಕರೆತಂದು ನೋಡಿತು. 'ಪ್ಯೂರ್' (1992) ಹಿಪ್‌ಹಾಪ್ ತಾಳಗಳತ್ತ ವಾಲಿತ್ತು. 'ಸೆಲ್ಫ್‌ಲೆಸ್' (1994) ಅಮೆರಿಕದಲ್ಲಿ ಕೊಲಂಬಿಯಾದಂಥ ದೊಡ್ಡ ಕಂಪನಿಯಿಂದ ಬಂತು. ಡ್ರಮ್ಮರ್ ಬಂದದ್ದು ಆಮೇಲೆ: 1996ರ ಆಲ್ಬಮ್ಮಿಗೆ ಬ್ರಯನ್ ಮಾಂಟಿಯಾ, 2001ರ 'ಹಿಮ್ಸ್'ಗೆ ಟೆಡ್ ಪಾರ್ಸನ್ಸ್ ಡ್ರಮ್ಸ್ ನುಡಿಸಿದರು. ಪಾರ್ಸನ್ಸ್ ವಾದನದಲ್ಲಿ ಕೊರತೆಯಿಲ್ಲ, ಆದರೆ 'ಹಿಮ್ಸ್' ನನ್ನ ಕಿವಿಗೆ ಒಳ್ಳೆಯ ರಾಕ್ ಆಲ್ಬಮ್, ಅಷ್ಟೇ. ಗ್ರೀನ್ ಹೊರನಡೆದರು, 2002ರಲ್ಲಿ ಬ್ಯಾಂಡ್ ಮುಚ್ಚಿತು, ಬ್ರಾಡ್ರಿಕ್ 'ಜೇಸು' ಎಂಬ ಬ್ಯಾಂಡ್ ಕಟ್ಟಿದರು.

2010ರಲ್ಲಿ ಫ್ರಾನ್ಸಿನ ಹೆಲ್‌ಫೆಸ್ಟ್ ಸಂಗೀತೋತ್ಸವದಲ್ಲಿ ಬ್ರಾಡ್ರಿಕ್, ಗ್ರೀನ್ ಇಬ್ಬರೂ ಮತ್ತೆ ಜೊತೆಯಾದರು. 2014ರ 'ಎ ವರ್ಲ್ಡ್ ಲಿಟ್ ಓನ್ಲಿ ಬೈ ಫೈರ್'ನಲ್ಲಿ ಡ್ರಮ್ಮರ್ ಇಲ್ಲ, ಮಷೀನೇ. 'ಪೋಸ್ಟ್ ಸೆಲ್ಫ್' (2017) ಆದಮೇಲೆ ಬಂದ 'ಪರ್ಜ್' (2023) ನೇರವಾಗಿ 'ಪ್ಯೂರ್' ಕಾಲದ ಹಿಪ್‌ಹಾಪ್ ತಾಳಗಳಿಗೆ ಕೈಹಾಕುತ್ತದೆ. 'ಪ್ಯೂರ್', 'ಪರ್ಜ್' ಎರಡನ್ನೂ ಒಂದರ ಹಿಂದೊಂದು ಹೆಡ್‌ಫೋನಿನಲ್ಲಿ ಹಾಕಿಕೊಂಡು ಸ್ನೇರ್ ಒಂದನ್ನೇ ಗಮನಿಸಿ ಕೇಳಿ.